ಕೇಳುಗರ ಕೂಟದ ಸಾಹುಕಾರರು

ಭಾನುವಾರ ಬೆಳಿಗ್ಗೆ ನಾವು ಕೆಲವರು ಒಂದು ಕಡೆ ಸೇರಿ ಹಾಡು ಕೇಳುತ್ತೇವೆ ಎಂದರೆ ನನ್ನ ಶಾಲೆಯ ಸಹೋದ್ಯೋಗಿಗಳು ನಗುತ್ತಿದ್ದರು. "ಮನ್ಯಾಗ ಫೋನ್ ಇಲ್ಲೇನ್ರಿ ಮೇಡಂ?" ಎನ್ನುತ್ತಿದ್ದರು. ಫೋನ್ ಇತ್ತು, ಅದರಲ್ಲಿ ಲೋಕದ ಹಾಡೆಲ್ಲ ಇತ್ತು. ಆದರೆ ಒಂದು ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಎದ್ದು ಸಾರಿಗೆ ಒಗ್ಗರಣೆ ಹಾಕದೆ, ಕೇಳಿ ಎಷ್ಟು ಕಾಲವಾಗಿತ್ತೋ ನನಗೇ ನೆನಪಿರಲಿಲ್ಲ.

ನಾವು ಸೇರುತ್ತಿದ್ದುದು ಹೊಸಪೇಟೆಯಲ್ಲಿ, ಮದುವೆ ಮುಂಜಿಗಳಿಗೆ ಸೌಂಡ್ ಸಿಸ್ಟಂ ಬಾಡಿಗೆ ಕೊಡುವವರೊಬ್ಬರ ಅಂಗಡಿಯ ಮಹಡಿಯಲ್ಲಿ. ವಾರಕ್ಕೊಬ್ಬರು ಒಂದು ಆಲ್ಬಮ್ ತರಬೇಕು. ಅದು ಮುಗಿಯುವ ತನಕ ಯಾರೂ ತುಟಿ ಬಿಚ್ಚಬಾರದು. ಆಮೇಲೆ ಕೆಳಗಿನ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಬರುತ್ತಿತ್ತು. ತಿನ್ನುತ್ತಾ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು.

ಈ ನಿಯಮಗಳನ್ನೆಲ್ಲ ಮಾಡಿದವರು ಕಂಪ್ಲಿಯ ಸಾಹುಕಾರರು. ಅಕ್ಕಿ ಗಿರಣಿಯಲ್ಲೇ ಹುಟ್ಟಿ ಬೆಳೆದವರಂತೆ ಬದುಕಿದವರು. ಈಗ ಗಿರಣಿಯನ್ನು ಮಗನಿಗೆ ಒಪ್ಪಿಸಿ, ಪ್ರತಿ ಭಾನುವಾರ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರು. ಅವರೆದುರು "ಚಲೋ ಐತಿ" ಎಂದು ಹೇಳಿ ಪಾರಾಗುವಂತಿರಲಿಲ್ಲ.

"ಚಲೋ ಐತಿ ಅನ್ನದು ಉಪ್ಪಿಟ್ಟಿಗೆ ಹೇಳೋ ಮಾತು," ಎನ್ನುತ್ತಿದ್ದರು. "ಯಾಕ ಚಲೋ ಐತಿ, ಅದನ್ನ ಹೇಳ್ರಿ."

ಹಾಡುವವರ ಹಿಂದೆ ತಂಬೂರಿಯೊಂದು ನುಡಿಯುತ್ತಲೇ ಇರುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ಅವರು. ನಾನು ಅಷ್ಟು ವರ್ಷ ದನಿಯನ್ನಷ್ಟೇ ಕೇಳಿದ್ದೆ. ಅವರು ಕಣ್ಣು ಮುಚ್ಚಿ ಬೆರಳೆತ್ತಿ, "ಹಾ, ಈಗ ಕೇಳ್ರಿ," ಎನ್ನುವಾಗ ಕತ್ತಲ ಕೋಣೆಯಲ್ಲಿ ಯಾರೋ ಕಿಟಕಿ ತೆರೆದಂತಾಗುತ್ತಿತ್ತು.

ಸಂಡೂರಿನ ಹುಡುಗಿ ನಮ್ಮ ಕೂಟಕ್ಕೆ ಬಂದದ್ದು ಆಮೇಲೆ. ಗಣಿ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ. ಭಾನುವಾರ ಮೊದಲ ಬಸ್ಸು ಹಿಡಿದು ಗುಡ್ಡದ ದಾರಿಯಲ್ಲಿ ಇಳಿದು ಬರುತ್ತಿದ್ದಳು. ಅವಳು ತಂದ ಮೊದಲ ಆಲ್ಬಮ್ಮು ಅವಳದೇ ವಯಸ್ಸಿನ ಹುಡುಗಿಯರು ಕೂಡಿ ಮಾಡಿದ್ದು. ಪಿಸುಮಾತಿನಂಥ ಹಾಡುಗಾರಿಕೆ, ಅದರ ಸುತ್ತ ಸಣ್ಣ ಸಣ್ಣ ಗಂಟೆಗಳು, ಎಲ್ಲೋ ದೂರದಲ್ಲಿ ಒಂದು ಕೊಳಲು. ನನಗೆ ಮೈ ಜುಮ್ಮೆಂದಿತ್ತು. ಸೌಂಡ್ ಸಿಸ್ಟಂನವರೂ ತಲೆದೂಗಿದರು.

ಸಾಹುಕಾರರ ಸರದಿ ಬಂತು. ಮಿರ್ಚಿಯನ್ನು ತಟ್ಟೆಗಿಟ್ಟು, "ತಂಗಿ, ಬ್ಯಾಸರ ಮಾಡ್ಕೋಬ್ಯಾಡ. ಇದ್ರಾಗ ಏನೂ ಇಲ್ಲ," ಎಂದರು. "ಹಿಂದ ಡೋಲು ಬಡಿತೈತಿ. ಮುಂದ ಯಾರೋ ಬಾಯಾಗ ಅರಿಬಿ ಇಟ್ಕಂಡು ಮಾತಾಡಿದಂಗ ಐತಿ. ಉಳದಿದ್ದು ಬರೇ ಖಾಲಿ."

"ಆ ಗಂಟಿಗಳು, ಸಾವ್ಕಾರ್ರ?" ಎಂದಳು ಹುಡುಗಿ. "ಇಡೀ ಆಲ್ಬಮ್ಮಿನ ಜೀವ ಅದರಾಗೇ ಐತಲ್ರಿ."

"ಯಾವ ಗಂಟಿ?"

ಅದನ್ನು ಅವರು ಅಣಕಕ್ಕೆ ಹೇಳಿದರೆಂದೇ ನಾವು ತಿಳಿದೆವು. ಅವಳ ಮುಖ ಕೆಂಪಾಯಿತು. ಚಹಾ ಪೂರ್ತಿ ಕುಡಿಯದೆ ಎದ್ದುಹೋದಳು. ಮುಂದಿನ ವಾರ ಬಂದಳು, ಆದರೆ ಸಾಹುಕಾರರಿಗೆ ಬೆನ್ನು ಕೊಡುವ ಜಾಗ ನೋಡಿಕೊಂಡು ಕುಳಿತಳು.

ಆಮೇಲೆ ಅವರು ಯಾರ ಆಲ್ಬಮ್ಮನ್ನೂ ಮೆಚ್ಚಲಿಲ್ಲ. ಪಿಟೀಲಿನದು ತಂದರೆ "ರೆಕಾರ್ಡಿಂಗ್ ಸತ್ತೈತಿ" ಎಂದರು. ನಾನು ಆಸೆಯಿಂದ ತಂದ ಕೊಳಲಿನ ಆಲ್ಬಮ್ಮಿಗೆ, "ಊದವಗ ಉಸಿರು ಇಲ್ಲ," ಎಂದರು. "ಟ್ರೆಬಲ್ ಏರಿಸ್ರಿ, ಟ್ರೆಬಲ್ ಏರಿಸ್ರಿ" ಎಂದು ಸೌಂಡ್ ಸಿಸ್ಟಂನವರ ಜೀವ ತಿನ್ನುತ್ತಿದ್ದರು. ಎತ್ತರದ ದನಿಗಳನ್ನು ಹೆಚ್ಚಿಸುವ ಆ ಗುಂಡಿ ಏರಿಸಿದರೆ ನಮ್ಮ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ವಯಸ್ಸಾಯಿತು, ಹೊಸದು ಹಿಡಿಸುವುದಿಲ್ಲ, ಎಂದು ನಾವು ನಾವೇ ಮಾತಾಡಿಕೊಂಡೆವು. ಒಬ್ಬಿಬ್ಬರು ಬರುವುದನ್ನೇ ಬಿಟ್ಟರು.

ಮಳೆಗಾಲದ ಶುರುವಿಗೆ ಒಂದು ಭಾನುವಾರ ಕೂಟವನ್ನು ಹಂಪಿಗೆ ಒಯ್ದೆವು. ಮನಸ್ಸುಗಳು ಸ್ವಲ್ಪ ಸಡಿಲವಾದಾವು ಎಂಬುದು ಸೌಂಡ್ ಸಿಸ್ಟಂನವರ ಲೆಕ್ಕಾಚಾರ. ಕಮಲಾಪುರದ ಮೇಲೆ ಹಾಯ್ದು, ಬಾಳೆ ತೋಟಗಳ ನಡುವಿನ ದಾರಿಯಲ್ಲಿ ಕಾರು ನಿಲ್ಲಿಸಿ, ಹೊಳೆ ಕಾಣುವ ಬಂಡೆಯೊಂದರ ಮೇಲೆ ಕುಳಿತೆವು. ಅಂದು ಆಲ್ಬಮ್ ಇರಲಿಲ್ಲ. ಸುಮ್ಮನೆ ಕೂತು, ಕಿವಿಗೆ ಬಿದ್ದದ್ದನ್ನು ಹೇಳುವುದು, ಅಷ್ಟೇ.

ಆ ಹೊತ್ತಿನಲ್ಲಿ ಬಂಡೆಗಳ ಸಂದಿಯ ಗಿಡಗಳಿಂದ ಜೀರುಂಡೆಗಳು ಎಷ್ಟು ಕೂಗುತ್ತಿದ್ದವೆಂದರೆ ಪಕ್ಕದವರ ಮಾತು ಕೇಳಲು ಬಾಗಬೇಕಿತ್ತು. ಸೌಂಡ್ ಸಿಸ್ಟಂನವರು ಕಿವಿಯಲ್ಲಿ ಬೆರಳಿಟ್ಟು ತಿರುವಿಕೊಂಡರು. ಸಾಹುಕಾರರು ಕಣ್ಣು ಮುಚ್ಚಿ ಕೂತಿದ್ದರು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ತೃಪ್ತಿಯಿಂದ ನಿಟ್ಟುಸಿರು ಬಿಟ್ಟರು.

"ನೋಡ್ರಿ ಹೆಂಗೈತಿ," ಎಂದರು. "ನೀರಿನ ಸಪ್ಪಳ ಬಿಟ್ರ ಒಂದು ಹುಳದ ಸದ್ದಿಲ್ಲ. ಇಂಥಾ ಶಾಂತಿ ಎಲ್ಲಿ ಸಿಗತೈತಿ?"

ಹುಡುಗಿ ನನ್ನ ಕಡೆ ನೋಡಿದಳು, ನಾನು ಸೌಂಡ್ ಸಿಸ್ಟಂನವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು. ಎಷ್ಟು ಸಲ ಟ್ರೆಬಲ್ ತಿರುಗಿಸಿದ್ದರೋ ಅದೆಲ್ಲ ಅವರಿಗೆ ನೆನಪಾಗಿರಬೇಕು.

"ಹೌದ್ರಿ ಸಾವ್ಕಾರ್ರ," ಎಂದಳು ಹುಡುಗಿ, ಸ್ವಲ್ಪ ಗಟ್ಟಿಯಾಗಿ. "ಭಾಳ ಶಾಂತಿ ಐತಿ." ಆ ವರ್ಷದಲ್ಲಿ ಅವಳು ಅವರೊಂದಿಗೆ ಅಕ್ಕರೆಯಿಂದ ಆಡಿದ ಮೊದಲ ಮಾತು ಅದು.

ಮನೆಗೆ ಬಂದು ನಾನು ಸಾಹುಕಾರರ ಹೆಂಡತಿಗೆ ಫೋನ್ ಮಾಡಿದೆ. ಒಂದೆರಡು ಮದುವೆಗಳಲ್ಲಿ ಭೇಟಿಯಾಗಿದ್ದೆವು, ಅಷ್ಟೇ ಪರಿಚಯ. ಹೇಗೆ ಕೇಳುವುದೆಂದು ತಡವರಿಸಿದಾಗ ಅವರೇ ದಾರಿ ಮಾಡಿಕೊಟ್ಟರು.

"ಕುಕ್ಕರ್ ಸೀಟಿ ಕೇಳ್ಸದು ನಿಂತು ಭಾಳ ದಿನ ಆತವ್ವ. ಮೊಮ್ಮಗಳು ಕರದ್ರೂ ತಿರುಗಿ ನೋಡದಿಲ್ಲ. ಗಿರಣ್ಯಾಗ ಮಷೀನಿನ ಬಾಜೂಕ ಕುಂತು ಕುಂತು ಕಿವಿ ಹೋಗ್ಯಾವ. ನಾ ಬಾಯಿ ಬಿಟ್ಟಿಲ್ಲ."

"ಯಾಕ್ರಿ ಅಮ್ಮಾರ?"

"ಹೇಳಿದ್ರ ನಿಮ್ಮಲ್ಲಿಗೆ ಬರದು ಬಿಟ್ಟುಬಿಡ್ತಾರ. ವಾರೆಲ್ಲ ಆ ಒಂದು ದಿನಕ್ಕ ಜೀವ ಹಿಡಕೊಂಡಿರ್ತಾರ."

ಹೇಳುವುದೋ ಬಿಡುವುದೋ ಎಂದು ನಾನು, ಹುಡುಗಿ, ಸೌಂಡ್ ಸಿಸ್ಟಂನವರು ಮೂವರೂ ವಾರವಿಡೀ ಫೋನಿನಲ್ಲಿ ಚರ್ಚಿಸಿದೆವು. ಸೌಂಡ್ ಸಿಸ್ಟಂನವರು ಬೇಡವೆಂದರು. "ದೊಡ್ಡ ಮನುಷ್ಯಾರ ಮರ್ಯಾದಿ ಪ್ರಶ್ನೆ," ಎಂದರು. ನಾನು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಹುಡುಗಿಯೇ ಗಟ್ಟಿ ಮನಸ್ಸು ಮಾಡಿದಳು. "ನಾನು ಸಿಟ್ಟು ಮಾಡ್ಕಂಡಾಕಿ. ನಾನೇ ಹೇಳ್ತೀನಿ," ಎಂದಳು.

ಮುಂದಿನ ಭಾನುವಾರ ಉಳಿದವರು ಬರುವ ಮೊದಲೇ ಅವಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. "ಸಾವ್ಕಾರ್ರ, ಒಂದು ಆಟ ಆಡೋಣ್ರಿ. ಒಂದು ಸ್ವರ ಹಾಕ್ತೀನಿ, ಏರಿಸ್ಕೋಂತ ಹೋಗ್ತೀನಿ. ಕೇಳ್ಸೋತನಕ ಕೈ ಎತ್ತಿ ಹಿಡೀರಿ, ನಿಂತ್ರ ಇಳಸ್ರಿ," ಎಂದಳು. ಅವರಿಗೆ ಖುಷಿಯಾಯಿತು. ಹುಡುಗಿ ತಾನಾಗಿಯೇ ಮಾತಾಡಿಸಿದ್ದಳಲ್ಲ.

ಸ್ವರ ಮೊದಲು ಎಮ್ಮೆಯ ಗುಟುರಿನಷ್ಟು ಕೆಳಗಿತ್ತು. ನಿಧಾನವಾಗಿ ಏರಿತು. ಸಾಹುಕಾರರು ನಗುತ್ತಾ, ಶಾಲೆಯ ಮಕ್ಕಳಂತೆ, ಕೈ ಎತ್ತಿ ಹಿಡಿದಿದ್ದರು. ಅದು ಕೊಳಲಿನ ಎತ್ತರಕ್ಕೆ ಬಂತು, ಅದನ್ನೂ ದಾಟಿತು. ಅವರು ಕೈ ಇಳಿಸಿ, "ಆತಲ್ಲ, ಮುಗೀತು," ಎಂದು ಪಂಚೆಯ ಅಂಚು ಸರಿ ಮಾಡಿಕೊಂಡರು.

ಮುಗಿದಿರಲಿಲ್ಲ. ಸ್ವರ ಕೋಣೆಯ ತುಂಬ ನಿಂತಿತ್ತು, ಇನ್ನೂ ಏರುತ್ತಿತ್ತು. ನಾವು ಸುಮ್ಮನಿದ್ದುದನ್ನು ಕಂಡು ಅವರು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದರು.

"ಇನ್ನಾ ನಡದೈತೇನು?" ಎಂದರು.

"ನಡದೈತ್ರಿ," ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

ಸಾಹುಕಾರರು ಸ್ಪೀಕರಿನ ಕಡೆ ತಿರುಗಿದರು. "ಹಂಗಾರ ನಿನ್ನ ಆಲ್ಬಮ್ಮಿನ್ಯಾಗ ಗಂಟಿ ಇದ್ವು," ಎಂದರು.

"ಇದ್ವುರಿ."

"ಎಂಥಾ ಗಂಟಿ?"

"ಸಣ್ಣವ್ರಿ. ಕುರಿ ಮರಿ ಕೊಳ್ಳಾಗ ಕಟ್ತಾರಲ್ಲ, ಅಂಥಾವು."

ಅವರು ತಲೆಯಾಡಿಸಿ ಎದ್ದರು. ಮೆಟ್ಟಿಲ ಹತ್ತಿರ ನಿಂತು, "ತಂಗಿ, ಖಾಲಿ ಅಂದಿದ್ದು ನನ್ನ ಕಿವಿಯ ಸುದ್ದಿ, ನಿನ್ನ ಆಲ್ಬಮ್ಮಿಂದಲ್ಲ," ಎಂದು ಹೇಳಿ ಇಳಿದುಹೋದರು.

ಆಮೇಲೆ ಅವರು ಬರಲಿಲ್ಲ. ಬಳ್ಳಾರಿಯಲ್ಲಿ ಡಾಕ್ಟರಿಗೆ ತೋರಿಸಿದರು, ಕಿವಿಯ ನರ ಸವೆದಿದೆ ಎಂದು ಡಾಕ್ಟರು ಹೇಳಿದರು, ಕಿವಿಗೆ ಮಷೀನು ಹಾಕಿಸಿದರು ಎಂಬ ಸುದ್ದಿ ಮಾತ್ರ ಬಂತು. ನಮ್ಮ ಕೂಟವೂ ಸಪ್ಪಗಾಯಿತು. ಎಲ್ಲರೂ ಚಲೋ ಐತಿ, ಚಲೋ ಐತಿ ಎಂದು ಎದ್ದು ಹೋಗುತ್ತಿದ್ದೆವು. ಯಾಕೆ ಚೆನ್ನಾಗಿದೆ ಎಂದು ಕೇಳುವವರಿರಲಿಲ್ಲ.

ಕಡೆಗೊಂದು ದಿನ ನಾವು ಮೂವರೂ ಕಂಪ್ಲಿಗೆ ಹೋದೆವು. ಸಾಹುಕಾರರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಕಿವಿಯಲ್ಲಿ ಮಷೀನು ಇರಲಿಲ್ಲ. ಸೌಂಡ್ ಸಿಸ್ಟಂನವರು ಕೇಳಿಯೇಬಿಟ್ಟರು.

"ಮಾತು ಕೇಳಸ್ತಾವಪಾ," ಎಂದರು ಸಾಹುಕಾರರು. "ಹಾಡು ಹಾಕಿದ್ರ ತಗಡಿನ ಡಬ್ಬಿ ಬಡದಂಗ ಆಗತೈತಿ. ಐವತ್ತು ವರ್ಷ ಕೇಳಿದ ದನಿ, ಯಾರೋ ಬ್ಯಾರೇದವರು ಹಾಡಿದಂಗ. ಅದಕ್ಕಿಂತ ಸುಮ್ಮನಿರದು ಚಲೋ."

"ನನ್ನ ಅಂಗಡಿಗೆ ಮಷೀನು ತಗೊಂಡು ಬರ್ರಿ. ಸ್ಪೀಕರ್ ಬದಲಿಸಿ ನೋಡೋಣು. ಡಾಕ್ಟರ್ ಕಡೆ ಮತ್ತೊಮ್ಮೆ ಸೆಟ್ಟಿಂಗ್ ಮಾಡ್ಸೋಣು."

"ಬಂದು ಏನ್ ಮಾಡ್ಲಿ? ಅರ್ಧ ಕೇಳಿ ಅಭಿಪ್ರಾಯ ಹೇಳ್ಲೇನು?"

"ಅರ್ಧದ್ದೇ ಹೇಳ್ರಿ," ಎಂದಳು ಹುಡುಗಿ. "ಉಳಿದರ್ಧ ನಾವು ಹೇಳ್ತೀವಿ. ನೀವು ಇಲ್ಲದ್ದಕ್ಕ ಎಲ್ಲಾರೂ ಉಪ್ಪಿಟ್ಟಿನ ಮಾತೇ ಆಡಕತ್ತಾರ."

ಅವರು ನಗಲಿಲ್ಲ. ಆದರೆ ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ, ಯಾರೂ ನಿರೀಕ್ಷಿಸದ ಮಾತೊಂದನ್ನು ಆಡಿದರು. "ನಾನೂ ಬರ್ತೀನಿ. ಇವರು ಒಬ್ಬರೇ ಕಾರು ಓಡ್ಸದು ಇನ್ನ ಬ್ಯಾಡ. ಹಿಂದ ಹಾರನ್ ಹೊಡದ್ರ ನಾನು ಹೇಳ್ಬೇಕು."

ಹೀಗೆ ಅವರಿಬ್ಬರೂ ಬರತೊಡಗಿದರು. ಸಾಹುಕಾರರ ಮಷೀನಿಗೆ ಹಾಡಿಗೆಂದೇ ಬೇರೆ ಸೆಟ್ಟಿಂಗ್ ಆಯಿತು. ಮೊದಲಿನಂತೆ ಆಗಲಿಲ್ಲ, ಆದರೆ ತಗಡಿನ ಸದ್ದು ಕಡಿಮೆಯಾಯಿತು ಎಂದರು. ಅವರ ಅಭಿಪ್ರಾಯಗಳ ರೀತಿಯೇ ಬದಲಾಯಿತು. ಮೊದಲು ತೀರ್ಪು ಕೊಡುತ್ತಿದ್ದವರು ಈಗ ಪ್ರಶ್ನೆ ಕೇಳುತ್ತಿದ್ದರು. "ಮೂರನೇ ಹಾಡಿನ್ಯಾಗ ಆಕಿ ಉಸಿರು ತಗೊಂಡ ಮ್ಯಾಲೆ ಏನೋ ಬಂತು, ಏನದು?" ಎಂದರೆ ನಾವು ಉತ್ತರ ಹುಡುಕಬೇಕಿತ್ತು. ಬರಿಯ "ಕೊಳಲು" ಎಂದರೆ ಬಿಡುತ್ತಿರಲಿಲ್ಲ. ಎಂಥ ಕೊಳಲು, ಹತ್ತಿರದ್ದೋ ದೂರದ್ದೋ, ಊದುವವನು ಅವಸರದಲ್ಲಿದ್ದನೋ ಎಂದು ಬಿಡಿಸಿ ಹೇಳಬೇಕು. ಅವರಿಗೆ ಹೇಳಬೇಕಲ್ಲ ಎಂದೇ ನಾನು ಹಿಂದೆಂದಿಗಿಂತ ಎಚ್ಚರದಿಂದ ಕೇಳತೊಡಗಿದೆ.

ಅವರ ಹೆಂಡತಿ ಮೊದಮೊದಲು ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅಭಿಪ್ರಾಯ ಕೇಳಿದರೆ "ನನಗೇನ್ ತಿಳೀತೈತವ್ವ" ಎಂದು ಕೈಯಾಡಿಸುತ್ತಿದ್ದರು. ಒಂದು ವಾರ ಸಾಹುಕಾರರು ತಮ್ಮ ಪ್ರಾಣದಂಥ ಹಳೆಯ ಗಾಯನದ ಆಲ್ಬಮ್ ತಂದರು. ಗಿರಣಿಯ ಕಾಲದಿಂದ ಮನೆಯಲ್ಲಿ ದಿನವೂ ಹಾಕುತ್ತಿದ್ದುದಂತೆ. ನಾವೆಲ್ಲ ಹೊಗಳಿದೆವು. ಹುಡುಗಿ ಪಟ್ಟು ಹಿಡಿದು ಅಮ್ಮನವರನ್ನೂ ಕೇಳಿದಳು.

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ನಂಗ ಇದು ಸೇರದಿಲ್ಲ," ಎಂದರು. "ಆತ ಒಂದೇ ಮಾತು ಹಿಡಕೊಂಡು ಅದನ್ನೇ ಜಗ್ಗತಾನ, ಜಗ್ಗತಾನ. ಮನಿಗೆ ಬಂದ ಬೀಗರು ಬಾಗಿಲಾಗ ನಿಂತು ಹೋಗಿಬರ್ತೀವಿ ಹೋಗಿಬರ್ತೀವಿ ಅಂತ ತಾಸುಗಟ್ಲೆ ಮಾತಾಡಿದಂಗ."

ಕೋಣೆಯಲ್ಲಿ ನಗು ಸಿಡಿಯಿತು. ಸಾಹುಕಾರರಿಗೆ ಸರಿಯಾಗಿ ಕೇಳಿಸಿರಲಿಲ್ಲ. ಹುಡುಗಿ ಅವರ ಕಿವಿಯ ಬಳಿ ಬಾಗಿ ಪೂರ್ತಿ ಹೇಳಿದಳು. ಅವರು ಹೆಂಡತಿಯನ್ನು ಬೆರಗಿನಿಂದ ನೋಡಿದರು.

"ಇಷ್ಟು ವರ್ಷ ಹಾಕೀನಿ. ಒಂದು ದಿನನಾದ್ರೂ ಹೇಳಿದ್ಯಾ?"

"ನೀವು ಒಂದು ದಿನನಾದ್ರೂ ಕೇಳಿದ್ರ್ಯಾ?"

ಸಾಹುಕಾರರು ಹೊಸಬರು ಬಂದಾಗ ಮಾಡುತ್ತಿದ್ದಂತೆ ಕಾಲು ಮಡಿಚಿ ನೆಟ್ಟಗೆ ಕುಳಿತು, "ಹಂಗಾರ ಮುಂದಿನ ವಾರದ ಆಲ್ಬಮ್ ನಿಂದು," ಎಂದರು. ಅಮ್ಮನವರು ಒಲ್ಲೆನೆನ್ನಲಿಲ್ಲ. ಹೊಸೆದ ಬತ್ತಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, ಹಾಡುಗಳನ್ನು ಫೋನಿನಲ್ಲಿ ಹುಡುಕುವುದು ಹೇಗೆಂದು ಹುಡುಗಿಯನ್ನು ವಿಚಾರಿಸತೊಡಗಿದರು.