ಶಾರದಮ್ಮನವರ ಹೆಡ್‌ಫೋನ್

ದೆಹಲಿಯ ಮುನಿರ್ಕಾದ ಪುಟ್ಟ ಸ್ಟುಡಿಯೋದಲ್ಲಿ ನಾನು ರೆಕಾರ್ಡಿಂಗ್ ಮಾಡುತ್ತಿದ್ದ ಕಾಲ. ಒಂದು ಕನ್ನಡ ರೇಡಿಯೋ ಜಾಹೀರಾತಿಗೆ ಅಮ್ಮನ ದನಿ ಬೇಕಿತ್ತು. ಅದೇ ಊರಿನ ದ್ವಾರಕಾ ಬಡಾವಣೆಯಿಂದ ಶಾರದಮ್ಮ ಬಂದರು. ಮಗಳ ಪಾತ್ರಕ್ಕೆ ಐಟಿ ಕಂಪನಿಯ ನಫೀಸಾ. ಒಂದೇ ಆಂಪ್ಲಿಫೈಯರ್‌ನಿಂದ ಇಬ್ಬರಿಗೂ ಹೆಡ್‌ಫೋನ್ ಕೊಟ್ಟು, ಅವರವರ ವಾಲ್ಯೂಮ್ ಗುಂಡಿ ತೋರಿಸಿದೆ.

"ಅಮ್ಮಾ, ಊಟ ಆಯ್ತಾ?" ಎಂದಳು ನಫೀಸಾ.

"ಆಯ್ತು ಮಗಳೇ," ಎಂದರು ಶಾರದಮ್ಮ. ಜಾಹೀರಾತಿನಲ್ಲಿ ಇದ್ದ ಮಾತು ಅಷ್ಟೇ.

"ಸರಿಯಾಗ್ಲಿಲ್ಲಪ್ಪ, ಇನ್ನೊಂದ್ಸಲ ಮಾಡೋಣ," ಎನ್ನುತ್ತಾ ಅವರು ತಮ್ಮ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಅದಾದ ಮೇಲೆ ಮತ್ತೊಂದು ಸಲ ಎಂದರು. ಹೆಡ್‌ಫೋನಿನ ಸದ್ದು ಸೋರಿ ಮೈಕಿಗೆ ಬೀಳತೊಡಗಿತು.

"ಆಂಟಿ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ," ಎಂದೆ.

"ಇರ್ಲಿ ಬಿಡಪ್ಪ. ನನ್ನ ಮಗಳು ಇಲ್ಲೇ ಬೆಳೆದವಳು. ಫೋನ್ ಮಾಡಿದ್ರೆ ಹಿಂದೀಲೇ 'ಖಾನಾ ಖಾಯಾ, ಮಮ್ಮಿ?' ಅಂತಾಳೆ. ಪ್ರೀತಿಯಿಂದಲೇ ಕೇಳ್ತಾಳೆ. ಆದ್ರೆ ಈ ಮಾತು ಇಷ್ಟು ಹತ್ತಿರ ಕೇಳಿಸಿ ಎಷ್ಟು ವರ್ಷ ಆಯ್ತೋ!"

ನಫೀಸಾ ಕೈಯಲ್ಲಿದ್ದ ಹಾಳೆ ಕೆಳಗಿಟ್ಟು ಮೈಕಿನತ್ತ ಬಾಗಿದಳು. "ಅಮ್ಮಾ, ಇವತ್ತೇನು ಅಡುಗೆ?"

ಶಾರದಮ್ಮ ಕಣ್ಣು ಮುಚ್ಚಿ, ಹುರುಳಿ ಸಾರಿಗೆ ಒಗ್ಗರಣೆ ಹಾಕಿದ್ದನ್ನು ನಿಧಾನವಾಗಿ ಹೇಳತೊಡಗಿದರು.

ನಿಜಕ್ಕೂ ಮೊದಲ ಟೇಕೇ ಚೆನ್ನಾಗಿ ಬಂದಿತ್ತು. ನಾನದನ್ನು ಹೇಳಲಿಲ್ಲ. ಆ ಊರಿನಲ್ಲಿ ಊಟ ಆಯ್ತಾ ಎಂದು ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ.