ಜಂತಿ ಎಣಿಸುವುದು

ಮಧ್ಯಾಹ್ನ ಉಂಡ ಮೇಲೆ ಅಂಗಾತ ಮಲಗಿ ಮೇಲೆ ನೋಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮ ಕಡೆ ಇದಕ್ಕೆ ‘ಜಂತಿ ಎಣಿಸುವುದು’ ಎನ್ನುತ್ತಾರೆ. ಜಂತಿ ಎಂದರೆ, ಸ್ಲ್ಯಾಬಿನ ಮನೆಯಲ್ಲೇ ಹುಟ್ಟಿ ಬೆಳೆದವರಿಗಾಗಿ ಹೇಳುತ್ತೇನೆ, ಮಣ್ಣಿನ ಮಾಳಿಗೆಯನ್ನು ಹೊತ್ತುಕೊಂಡಿರುವ ಕಟ್ಟಿಗೆಯ ಸಾಲು. ಗೋಡೆಯಿಂದ ತೊಲೆಗೆ ಜಂತಿ ಹಾಕಿ, ಅದರ ಮೇಲೆ ಹಲಗೆ ಹೊಂದಿಸಿ, ಹಲಗೆಯ ಮೇಲೆ ಮಣ್ಣು ಬಡಿದರೆ ಮಾಳಿಗೆಯಾಯಿತು. ಕೆಲಸವಿಲ್ಲದವನು ಜಂತಿ ಎಣಿಸುತ್ತಾನೆ, ನಿದ್ದೆ ಬಾರದವನೂ ಎಣಿಸುತ್ತಾನೆ. ನಾನು ಮೊದಲನೆಯವರ ಪೈಕಿ.

ಈ ಮಾತನ್ನು ನನಗೆ ಬೈದು ಬೈದು ಕಲಿಸಿದವರು ವೈನಿ, ಅಂದರೆ ನಮ್ಮಣ್ಣನ ಹೆಂಡತಿ. ಅವರು ಘೋಡಗೇರಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವ್ವ ಆಗಲೇ ತೀರಿಕೊಂಡಿದ್ದಳು. ತಲೆಗೆ ಎಣ್ಣೆ ಹಚ್ಚಿದ್ದು, ಸಾಲೆಗೆ ಎಬ್ಬಿಸಿ ಕಳಿಸಿದ್ದು, ಹೋಗದಿದ್ದರೆ ಬೆನ್ನಿಗೆ ಗುದ್ದಿದ್ದು ಎಲ್ಲ ವೈನಿಯೇ. “ಏ ಬಸೂ, ಜಂತಿ ಎಣಸಿದ್ದ ಸಾಕು, ಏಳು! ಎಷ್ಟ ಎಣಸಿದ್ರೂ ಅವೇನ ಮರಿ ಹಾಕಂಗಿಲ್ಲ!” ಎಂದು ಅವರು ಕೂಗಿದರೆ ಓಣಿಯ ತುದಿಗೆ ಕೇಳುತ್ತಿತ್ತು. ಕೊನೆಕೊನೆಗೆ ಆ ದನಿ ಮಂಚದಿಂದ ಬಾಗಿಲಿಗೂ ಮುಟ್ಟದಂತಾಯಿತು.

ಒಲೆಯ ಹೊಗೆಯೋ ಅವರ ದೈವವೋ, ವೈನಿಯ ಶ್ವಾಸಕೋಶಗಳು ಕೈಕೊಟ್ಟವು. ಘಟಪ್ರಭೆಯ ಡಾಕ್ಟರು ಮನೆಯಲ್ಲೇ ಆಕ್ಸಿಜನ್ ಮಷೀನು ಇಡಿಸಿದರು. ಅದು ಗಾಳಿ ಎಳೆದು ಸೋಸಿ, ಮೂಗಿನ ನಳಿಗೆಯೊಳಗೆ ಬಿಡುತ್ತದೆ. ಅದಕ್ಕೆ ಹಗಲೂ ರಾತ್ರಿ ಕರೆಂಟು ಬೇಕು. ನಮ್ಮ ಕರೆಂಟಿನ ಗುಣವೋ, ಸಿಟ್ಟಿಗೆದ್ದ ಅಳಿಯನ ಗುಣ: ಹೇಳದೆ ಕೇಳದೆ ಎದ್ದು ಹೋಗುತ್ತದೆ, ಯಾವಾಗ ಬರುತ್ತದೆಂದು ಕೇಳುವ ಹಾಗಿಲ್ಲ. ಗಾಳಿಮಳೆಗೆ ಕಂಬ ಬಿತ್ತೆಂದರೆ ದಿನವೇ ಹೋಯಿತು. ಇನ್ವರ್ಟರಿನ ಬ್ಯಾಟರಿ ಒಂದಿಷ್ಟು ಹೊತ್ತು ತಾಳಿ ಕೀಂಯ್ ಎಂದು ಕೈಯೆತ್ತುತ್ತಿತ್ತು. ಆಮೇಲೆ ಸಿಲಿಂಡರೇ ಗತಿ. ಒಮ್ಮೆ ಸಿಲಿಂಡರೂ ಮುಗಿದು, ಅಣ್ಣ ಘಟಪ್ರಭೆಯಿಂದ ಇನ್ನೊಂದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬರುವಷ್ಟರಲ್ಲಿ ವೈನಿಯ ತುಟಿ ನೀಲಿಯಾಗಿತ್ತು. ಅವತ್ತು ಹೇಗೋ ಉಳಿದರು. ಆದರೆ ಅಂದಿನಿಂದ ಅಣ್ಣ ಮಂಚದ ಬಾಜೂ ಕುಳಿತು ಅವರ ಎದೆ ಏರಿಳಿಯುವುದನ್ನೇ ನೋಡುವ ಮನುಷ್ಯನಾದ. ಕರೆಂಟು ಹೋಯಿತೆಂದರೆ ಕೈಯಲ್ಲಿದ್ದ ತುತ್ತು ತಾಟಿಗೆ ಬಿಟ್ಟು ಓಡುತ್ತಿದ್ದ.

“ಮಾಳಿಗಿ ಮ್ಯಾಲೆ ಸೋಲಾರ್ ಹಾಕಸೂಣಣ್ಣಾ, ದೊಡ್ಡ ಬ್ಯಾಟರಿ ಇಡಸೂಣು,” ಎಂದೆ. ಅವನು ಹೂಂ ಎಂದ.

ಗೋಕಾಕದಿಂದ ಮಹಾಂತೇಶನೆಂಬ ಫಿಟ್ಟರ್ ಬಂದ. ಮಾಳಿಗೆ ಹತ್ತಿ, ಬೂಟಿನ ತುದಿಯಿಂದ ಮಣ್ಣು ಕೆದರಿ ನೋಡಿ, ತಲೆ ಕೆರೆದುಕೊಂಡ.

“ಸ್ಲ್ಯಾಬ್ ಇದ್ರ ಚಿಂತಿ ಇರಲಿಲ್ರಿ ಕಾಕಾ. ಮಣ್ಣಾಗ ಬೋಲ್ಟ್ ಹಿಡಿಯಂಗಿಲ್ಲ. ಫ್ರೇಮಿನ ಕಾಲು ಜಂತಿ ಮ್ಯಾಲನ ಕೂಡಬೇಕು, ಇಲ್ಲಾಂದ್ರ ಮೊದಲನೇ ಗಾಳಿಗೇ ಪ್ಯಾನೆಲ್ ಹಾರಿ ಹುಕ್ಕೇರಿ ಮುಟ್ಟತಾವು. ಜಂತಿ ಎಲ್ಲೆಲ್ಲಿ ಅದಾವ ಹೇಳ್ರಿ.”

ನನಗೆ ಎಂಥ ಹಿಗ್ಗು! ಜೀವಮಾನವಿಡೀ ಜಂತಿ ಎಣಿಸಿದವನಿಗೆ ಕೊನೆಗೂ ಅದೇ ಕೆಲಸಕ್ಕೆ ಕರೆ ಬಂದಿತ್ತು. ಸಾಲದ್ದಕ್ಕೆ ಮೂಡಲಗಿಯಲ್ಲಿ ನನ್ನದು ಬಟ್ಟೆ ಅಂಗಡಿ, ಅಳತೆಯೇ ನನ್ನ ಅನ್ನ. ಟೇಪು ಹಿಡಿದು ಒಳಗೆ ಹೋದೆ. ಗೋಡೆಯಿಂದ ಜಂತಿಯವರೆಗೆ ಅಳೆದೆ. ಮೇಲೆ ಬಂದು ಮಾಳಿಗೆಯ ಅಂಚಿನಿಂದ ಅಷ್ಟೇ ಅಳೆದು, ಸುಣ್ಣದ ಗುರುತು ಹಾಕಿ, “ಹೊಡಿಯಪಾ” ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಡ್ರಿಲ್ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಕೆಳಗಿನಿಂದ ಅಣ್ಣ ಹೋ ಎಂದು ಕೂಗಿದ. ಓಡಿ ಹೋಗಿ ನೋಡಿದರೆ ಮಾಳಿಗೆಯಲ್ಲಿ ತೂತು, ತೂತಿನಿಂದ ಬಿಸಿಲ ಕೋಲು, ವೈನಿ ಹೊದ್ದಿದ್ದ ಕೌದಿಯ ಮೇಲೆ ಒಂದು ಹಿಡಿ ಮಣ್ಣು.

ಗೋಡೆಯ ದಪ್ಪವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳೆಯ ಕಾಲದ ಮಣ್ಣಿನ ಗೋಡೆ ಅದು, ಒಳಗಿನ ಅಳತೆಗೂ ಹೊರಗಿನ ಅಂಚಿಗೂ ಸಂಬಂಧವೇ ಇಲ್ಲ. ಬಟ್ಟೆ ಅಳೆಯುವವನು ದಪ್ಪದ ವಿಚಾರ ಯಾವಾಗ ಮಾಡಿರುತ್ತಾನೆ ಹೇಳಿ.

ವೈನಿ ಒಂದು ಉಸಿರು ಎಳೆದುಕೊಂಡರು, ಮಾತಿಗಾಗಿ ಇನ್ನೊಂದು ಎಳೆದುಕೊಂಡರು. “ಏ ಬಸೂ... ಇನ್ನೂ ಜೀವ ಐತ್ಯೋ. ಈಗನ ಮಣ್ಣ ಕೊಡಾಕ ಬಂದೀಯೇನು?”

ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಬಂದವರೆಲ್ಲ ಕುಣಿಯೊಳಗೆ ಒಂದೊಂದು ಹಿಡಿ ಹಾಕುವುದಕ್ಕೆ ಮಣ್ಣು ಕೊಡುವುದು ಎನ್ನುತ್ತಾರೆ. ಮಹಾಂತೇಶ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನಾನೂ ನಕ್ಕೆ. ವೈನಿಯೂ ನಗಲು ಹೋಗಿ ಕೆಮ್ಮಿದರು. ಅಣ್ಣ ಮಾತ್ರ ನಗಲಿಲ್ಲ. ಕೌದಿಯ ಮೇಲಿನ ಮಣ್ಣನ್ನು ಒಂದು ಹರಳೂ ಉಳಿಯದಂತೆ ಬಳಿದುಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿ ಬಂದ.

“ಟೇಪ್ ಇಡ ಅತ್ತಾಗ,” ಎಂದರು ವೈನಿ. “ಜೇಡರ ಬಲಿ ತಗಿಯೂ ಕೋಲ ತರ್ರಿ. ಕೆಳಗಿಂದ ಜಂತಿಗೆ ಬಡೀರಿ. ಬಸೂ, ನೀ ಮ್ಯಾಲೆ ಕಿವಿ ಇಟ್ಟ ಕೇಳು.”

ಕೋಲು ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಅವರು ಬೆರಳು ತೋರಿಸಿದ ಕಡೆ ಅಣ್ಣ ಬಡಿಯುತ್ತ ಹೋದ. ಇಷ್ಟು ವರ್ಷ ಅಂಗಾತ ಮಲಗಿದವನು ನಾನು, ಅವತ್ತು ಕಾದ ಮಣ್ಣಿನ ಮೇಲೆ ಬೋರಲು ಬಿದ್ದು ಕಿವಿ ಸುಟ್ಟುಕೊಂಡೆ. ಬರೀ ಹಲಗೆಗೆ ಬಡಿದರೆ ಧಬ್ ಎಂದು ಡೊಳ್ಳಿನ ಸದ್ದು. ಜಂತಿಗೆ ಬಡಿದರೆ ಟಕ್ ಎಂದು ನೇರ ಕಿವಿಗೇ ಬರುತ್ತಿತ್ತು. ಟಕ್ ಎಂದಲ್ಲೆಲ್ಲ ಸುಣ್ಣದ ಬೊಟ್ಟು ಇಟ್ಟೆ.

ಹಿಂದೆ ಬಡಿಗೇರರು ಜಂತಿ ಹೊಂದಿಸುವಾಗ ಇಂದ್ರ, ಯಮ, ರಾಜ ಎಂದು ಎಣಿಸುತ್ತಿದ್ದರಂತೆ. ಕೊನೆಯ ಜಂತಿ ಯಮನ ಪಾಲಿಗೆ ಬರಬಾರದು ಎಂಬುದು ಲೆಕ್ಕ. ಬಸವಣ್ಣನವರ ದಾರಿಯವರು ನಾವು, ಇಂಥದ್ದನ್ನು ನಂಬಬಾರದು. ಆದರೆ ನಂಬದವರ ಮನೆ ಕಟ್ಟಲಿಕ್ಕೂ ನಂಬುವ ಬಡಿಗೇರನೇ ಬಂದಿರುತ್ತಾನಲ್ಲ! ವೈನಿ ತಮಾಷೆಗೆ ಹಾಗೇ ಎಣಿಸತೊಡಗಿದರು. ಅವರ ದನಿ ಮೇಲೆ ಬಾರದು, ಅಣ್ಣ ಕೂಗಿ ಹೇಳುತ್ತಿದ್ದ. ವೈನಿಯ ಮಂಚದ ನೆತ್ತಿಗಿದ್ದ ಜಂತಿಗೆ ಬಂದಾಗ ಅಣ್ಣನ ಕೂಗು ನಿಂತಿತು.

ತೂತಿಗೆ ಬಾಯಿ ಹಚ್ಚಿ ಮಹಾಂತೇಶ ಕೇಳಿದ, “ಯಾಕ್ರಿ, ಯಮ ಬಂದ್ನೇನ್ರಿ? ಬಿಟ್ಟ ಬಿಡೂಣ್ರ್ಯಾ ಅದನ್ನ?”

ವೈನಿಯ ಮಾತು ಕೇಳಿಕೊಂಡು ಅಣ್ಣ ಕೂಗಿದ, “ಬ್ಯಾಡ ಅಂತಾಳಪಾ. ಅವನ ಮ್ಯಾಲೂ ಒಂದ ಬೋಲ್ಟ್ ಹೊಡೀರಿ ಅಂತಾಳ. ಬರೇ ಒಯ್ಯೂದಷ್ಟ ಗೊತ್ತು ಅವಗ, ಒಂದೀಟ ಹೊರಲಿ ಅಂತಾಳ.”

ಪ್ಯಾನೆಲ್ ಕೂತವು, ತೂತು ಮುಚ್ಚಿತು. ಅದೇ ವಾರ ಗಾಳಿಮಳೆ ಬಂದು ಊರೆಲ್ಲ ಕತ್ತಲಾದಾಗ ನಮ್ಮ ಮಷೀನು ಬುಸ್ ಬುಸ್ ಎನ್ನುತ್ತಲೇ ಇತ್ತು. ಅಣ್ಣ ಅವತ್ತು ಮೇಲೇಳದೆ ತಾಟಿನ ರೊಟ್ಟಿಯೆಲ್ಲ ಉಂಡ. ಮಳೆಗಾಲ ಹೀಗೇ ದಾಟಿತು. ಗೆದ್ದೆವು ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಸೋಲಾರಿನ ಮಹಿಮೆ ಹೇಳಿದೆ.

ಚಳಿಗಾಲದ ಒಂದು ಮುಂಜಾನೆ ಕರೆಂಟು ಇತ್ತು. ಬ್ಯಾಟರಿ ತುಂಬಿತ್ತು. ಮಾಳಿಗೆಯ ಮೇಲೆ ಒಳ್ಳೆಯ ಬಿಸಿಲಿತ್ತು. ಮಷೀನು ತನ್ನ ಪಾಡಿಗೆ ಗಾಳಿ ಕೊಡುತ್ತಲೇ ಇತ್ತು, ವೈನಿ ತೆಗೆದುಕೊಳ್ಳುತ್ತಿರಲಿಲ್ಲ. ಅಣ್ಣ ಬಹಳ ಹೊತ್ತು ಅದನ್ನು ಬಂದ್ ಮಾಡಲಿಲ್ಲ. ಮಾಡು ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಹೊಲದಲ್ಲೇ ಮಣ್ಣು ಮಾಡಿದೆವು. ನನ್ನ ಸರತಿ ಬಂದಾಗ ಹಿಡಿದ ಮುಷ್ಟಿ ಬಿಚ್ಚಲೇ ಇಲ್ಲ. ಹಿಂದಿನವರು ಕಾಯುತ್ತ ನಿಂತರು. ಈಗಲಾದರೂ ಕೊಡು, ಇನ್ಯಾರೂ ಬೈಯುವುದಿಲ್ಲ ಎಂದುಕೊಂಡೆ, ಬೈಯುವವರಿಲ್ಲ ಎಂಬುದು ತಿಳಿದಿದ್ದೇ ಆಗ. ಅತ್ತುಬಿಟ್ಟೆ. ಅವ್ವ ಸತ್ತಾಗ ನನಗೆ ಅಳುವ ತಿಳಿವಳಿಕೆ ಇರಲಿಲ್ಲ, ಅದನ್ನೂ ಸೇರಿಸಿ ಅತ್ತೆ.

ಬೇಸಗೆಯಲ್ಲಿ ಅಣ್ಣನನ್ನು ನೋಡಲು ಹೋಗಿದ್ದೆ. ಇಬ್ಬರೂ ಉಣ್ಣುತ್ತಿದ್ದಾಗ ಓಣಿಯ ಕರೆಂಟು ಹೋಯಿತು. ಅಣ್ಣ ತುತ್ತು ಬಿಟ್ಟು ಎದ್ದು ಓಡಿದ. ನಾನು ಹಿಂದೆ ಹೋದೆ. ಮಷೀನನ್ನು ಎಂದೋ ತಿರುಗಿ ಕೊಟ್ಟಾಗಿತ್ತು. ಸೋಲಾರಿನ ಬಲದಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಅಣ್ಣ ಖಾಲಿ ಮಂಚದ ಕಾಲು ಹಿಡಿದು ನಿಂತಿದ್ದ.

“ಹೋಗಿಲ್ಲ,” ಎಂದ.

“ಹೌದಣ್ಣಾ, ಹೋಗಿಲ್ಲ,” ಎಂದೆ.

ಅಷ್ಟರಲ್ಲಿ ಬಾಜೂ ಮನೆಯ ಸೊಸೆ ಅಳುವ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. “ನಿಮ್ಮಲ್ಲೆ ಫ್ಯಾನ್ ತಿರಗತೈತಿ ಅಂತ ಬಂದ್ಯಾರಿ ಕಾಕಾ. ನಮ್ಮ ತಗಡಿನ ಮನಿ ಕಾದ ಹಂಚಾಗೇತಿ. ಕೂಸಿನ್ನ ಒಂದೀಟ ಮಲಗಸ್ಲ್ಯಾ?”

ವೈನಿ ಹೋದ ಮೇಲೆ ಆ ಮಂಚದ ಮೇಲೆ ಯಾರೂ ಮಲಗಿರಲಿಲ್ಲ. ಅಣ್ಣ ಪೆಟ್ಟಿಗೆಯಿಂದ ಕೌದಿ ತೆಗೆದ, ಕೊಡವಿದ, ಹಾಸಿದ. ಫ್ಯಾನಿನ ಗಾಳಿಗೆ ಕೂಸು ಬೇಗನೇ ನಿದ್ದೆ ಹೋಯಿತು.

“ನೀವ ಉಣ್ಣಾಕ ಹೋಗ್ರಿ ಕಾಕಾ,” ಎಂದಳು ಅವಳು. “ಅದಕ್ಕೇನೂ ಆಗಿಲ್ರಿ, ನಿದ್ದಿ ಹತ್ತೇತಷ್ಟ.”

ಅಣ್ಣ ಆಗಲೇ ಸ್ಟೂಲು ಎಳೆದುಕೊಂಡು ಕುಳಿತಿದ್ದ. ಕೂಸಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಹೇಳಿದ, “ಗೊತ್ತೈತವಾ. ಎಷ್ಟ ಚಂದ ಉಸರಾಡತೈತಿ ನೋಡು. ಇರಲಿ, ಒಂದೀಟ ನೋಡತೇನಿ.”