ಕಾಲುವೆಗೆ ಕಟ್ಟಿದ ಹಗ್ಗ

ನನ್ನ ತಂಗಿಯ ಮಗ ಹೊಸ ಕಾರು ತಂದಿದ್ದಾನೆ. ಮುಂದಿನ ಕನ್ನಡಿಗೆ ಲಿಂಬೆಹಣ್ಣು, ಮೆಣಸಿನಕಾಯಿ, ಒಂದು ಕರಿದಾರ, ಯಾವುದೋ ಗುಡಿಯ ತಾಯಿತ ಎಲ್ಲ ತೂಗುತ್ತವೆ. ಗೋಗಿಯ ಆಚೆ ನಮ್ಮ ದೊಡ್ಡವ್ವನ ಊರಿನಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಯಾದಗಿರಿಯಿಂದ ಇಬ್ಬರೂ ಹೊರಟೆವು. ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಲು ಹೋದರೆ ಅದು ಕೂರುವ ಜಾಗದಲ್ಲಿ ಆಗಲೇ ಏನೋ ಕೂತಿದೆ. ಕಿತ್ತು ನೋಡಿದೆ. ಬೆಲ್ಟೇ ಇಲ್ಲದ ಬರಿಯ ಕೊಂಡಿ, ಬೆರಳುದ್ದದ್ದು, ಫಳಫಳ ಹೊಳೆಯುತ್ತಿತ್ತು.

“ಅದು ಇರ್ಲಿ ಬಿಡ್ರಿ ಮಾಮಾ. ತಗದ್ರ ಕಾರು ಸುಮ್ಮನ ಬಡಕೋತದ.”

“ಯಾಕ ಬಡಕೋತದ?”

“ಬೆಲ್ಟ್ ಹಾಕ್ಕೊಂಡಿಲ್ಲಂತ.”

“ಹಾಕ್ಕೊಂಡ್ರ?”

“ಹಾಕ್ಕೊಂಡ್ರ ಸುಮ್ಮಿರ್ತದ. ಈ ಸೆಕಿಯಾಗ ಯಾರ್ ಹಾಕ್ಕೋಬೇಕ್ರಿ ಅದನ್ನ.”

ಕೊಂಡಿಯನ್ನು ಜೇಬಿಗಿಳಿಸಿ ನನ್ನ ಬೆಲ್ಟ್ ಸಿಕ್ಕಿಸಿಕೊಂಡೆ. ನನಗೆ ಮೈಯೆಲ್ಲ ಉರಿದುಹೋಯಿತು. ನೀವೇ ಯೋಚಿಸಿ. ಈ ಕೊಂಡಿಯನ್ನು ಎಲ್ಲೋ ಕೂತು ಯಾರೋ ತಯಾರಿಸಿದ್ದಾರೆ. ಯಾರೋ ಅಂಗಡಿಯಲ್ಲಿಟ್ಟು ಮಾರಿದ್ದಾರೆ. ಬದುಕಿಕೋ ಮಾರಾಯ ಎಂದು ಕೂಗುವ ಒಂದೇ ಒಂದು ದನಿಯ ಬಾಯಿ ಮುಚ್ಚಿಸುವುದಕ್ಕೆ ಇಷ್ಟು ಜನ ಕೈಜೋಡಿಸಿದ್ದಾರೆ. ಇದರ ಅರ್ಧದಷ್ಟು ಬುದ್ಧಿಯನ್ನು ಬದುಕುವುದಕ್ಕೆ ಖರ್ಚು ಮಾಡಿದ್ದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿನ ಫೋಟೋಗಳು ಕಡಿಮೆಯಾಗುತ್ತಿದ್ದವು.

ನಾನು ಸ್ವಲ್ಪ ಪುಕ್ಕಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂಲೆಯ ಅಂಗಡಿಗೆ ಗಾಡಿಯಲ್ಲಿ ಹೋದರೂ ಹೆಲ್ಮೆಟ್ ಹಾಕುತ್ತೇನೆ. ಓಣಿಯ ಮಕ್ಕಳು ನನಗೆ ಟೊಪಿಗಿ ಮಾಸ್ತರ ಎಂದು ಹೆಸರಿಟ್ಟಿದ್ದಾರೆ. ಮಲಗುವ ಮುಂಚೆ ಗ್ಯಾಸಿನ ಗುಬ್ಬಿ ತಿರುವಿ, ಮತ್ತೆ ಎದ್ದು ಬಂದು ತಿರುವಿ, ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ. ಒಮ್ಮೆ ನನ್ನನ್ನು ಸುರಕ್ಷತೆಯ ಕುರಿತು ಭಾಷಣ ಮಾಡಲು ಕರೆದಿದ್ದರು. ಹೋಗಿ ನೋಡಿದರೆ, ಅಪಘಾತ ತಡೆಯಿರಿ ಎಂಬ ಬ್ಯಾನರನ್ನು ಒಬ್ಬ ಎಣ್ಣೆ ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅದರ ಮೇಲೆ ತುದಿಗಾಲಲ್ಲಿ ನಿಂತು ಕಟ್ಟುತ್ತಿದ್ದ. ಪಕ್ಕದಲ್ಲೇ ಕರೆಂಟಿನ ತಂತಿ. ಕುರ್ಚಿ ಹಿಡಿದುಕೊಳ್ಳಿ ಎಂದು ನಾನು ಕಿರುಚಿದ್ದೇ ಆವತ್ತಿನ ನನ್ನ ಭಾಷಣ. ಆಮೇಲೆ ಮೈಕಿನಲ್ಲಿ ಹೇಳಿದ್ದು ಯಾರಿಗೂ ನೆನಪಿರಲಾರದು, ನನಗೂ ಇಲ್ಲ.

ಆದರೆ ಅಳಿಯ ಹೇಳಿದ ಆ ಮಾತು, ಸುಮ್ಮನೆ ಬಡಕೊಳ್ಳುತ್ತದೆ ಎಂಬುದು, ಶಹಾಪುರ ದಾಟುವವರೆಗೂ ನನ್ನ ಕಿವಿಯಲ್ಲಿ ಉಳಿಯಿತು. ಈ ಮಾತನ್ನು ನಾನು ಮೊದಲು ಕೇಳಿದ್ದು ಕಾರಿನ ಬಗ್ಗೆ ಅಲ್ಲ, ನನ್ನ ದೊಡ್ಡವ್ವನ ಬಗ್ಗೆ. ನನ್ನ ತಾಯಿಯ ಅಕ್ಕ, ಹಣಮವ್ವ. ಎತ್ತರದ ಹೆಂಗಸು, ದನಿಯೂ ಎತ್ತರ. ಕುರಿ ಕಾಯ್ದು, ಕರಿಮಣ್ಣಿನ ಎರಿ ಹೊಲ ಮಾಡಿ ಬದುಕಿದವಳು. ಊರವರ ಜೊತೆ ಅವಳು ಜಗಳಾಡದ ದಿನವಿದ್ದರೆ ಅವಳಿಗೆ ಮೈಯಲ್ಲಿ ಹುಷಾರಿಲ್ಲ ಎಂದು ತಿಳಿಯಬೇಕಿತ್ತು.

ಆಗ ಆ ಸೀಮೆಗೆ ಕಾಲುವೆ ಬಂದ ಹೊಸತು. ಕೃಷ್ಣೆಯ ನೀರು ಹೊಲದ ಬದಿಗೇ ಬಂತೆಂದು ಊರೆಲ್ಲ ಹಿಗ್ಗಿತ್ತು. ಮಾನೌಮಿ ಹಬ್ಬ ಬಂದರೆ ನಮ್ಮ ಕಡೆ ಮನೆಯ ಹಾಸಿಗೆ-ಹೊದಿಕೆಗಳನ್ನೆಲ್ಲ ಒಗೆಯಬೇಕು, ಒಂದು ಚಾದರವೂ ಮೈಲಿಗೆ ಉಳಿಯಬಾರದು. ನಾವು ಶಹಾಪುರದಲ್ಲಿದ್ದೆವು, ನಳದ ನೀರು ಕುಡಿಯುವುದಕ್ಕೇ ಸಾಲುತ್ತಿರಲಿಲ್ಲ. ಹೀಗಾಗಿ ಪ್ರತಿವರ್ಷ ಅವ್ವ ಕೌದಿಗಳ ಗಂಟು ಕಟ್ಟಿಸಿ, ಟೆಂಪೋದಲ್ಲಿ ಹೇರಿಸಿ, ನನ್ನನ್ನೂ ಹೊರಡಿಸಿಕೊಂಡು ಅಕ್ಕನ ಊರಿಗೆ ಬರುತ್ತಿದ್ದಳು. ಒಗೆದ ಕೌದಿಗಳನ್ನು ಜಾಲಿ ಕಂಟಿಯ ಮೇಲೆ ಒಣಹಾಕುವುದು ನನ್ನ ಕೆಲಸ. ಕಾಲೇಜು ಓದುವ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

ಕೌದಿ ಒಗೆಯುವುದಕ್ಕೆ ನಮ್ಮ ಹೆಂಗಸರದು ಒಂದು ರೀತಿಯಿದೆ. ಹಳ್ಳದಲ್ಲಿ ಮೊಣಕಾಲುದ್ದ ನೀರಿಗಿಳಿದು, ಕೌದಿಯ ಒಂದು ಮೂಲೆಯನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡು, ಉಳಿದದ್ದನ್ನು ಹರಿವಿಗೆ ಹರಡಿಬಿಡುತ್ತಾರೆ. ಹೊಲಸನ್ನು ನೀರೇ ತೊಳೆದುಕೊಂಡು ಹೋಗುತ್ತದೆ. ಅಜ್ಜಿಯ ಸೀರೆ, ಅವ್ವನ ಸೀರೆ, ಸತ್ತ ಅತ್ತೆಯ ಸೀರೆ ಎಲ್ಲ ಪದರವಾಗಿ ಹೊಲಿದ ಕೌದಿ ಅದು. ಕೈಬಿಟ್ಟು ಹೋಗಬಾರದೆಂದೇ ಆ ಸುತ್ತು. ಹಳ್ಳದಲ್ಲಿ ಇದು ಸರಿಯೇ. ಕಾಲುವೆ ಹಳ್ಳವಲ್ಲ. ಅದರ ಮಗ್ಗುಲು ಇಳಿಜಾರಿನ ಸಿಮೆಂಟು, ಸಿಮೆಂಟಿನ ಮೇಲೆ ಪಾಚಿ, ಕೆಳಗೆ ಆಳುದ್ದ ನೀರು, ಆ ನೀರಿಗೆ ಅವಸರ. ನೆನೆದ ಕೌದಿ ಒಂದು ಎಮ್ಮೆಯಷ್ಟು ಭಾರವಾಗುತ್ತದೆ, ಹರಿವು ಅದನ್ನು ಎಳೆಯುತ್ತದೆ, ಅದು ಮುಂಗೈಯನ್ನು ಎಳೆಯುತ್ತದೆ.

ನೀಲಮ್ಮ ಹೋದದ್ದು ಹಾಗೆ. ದೊಡ್ಡವ್ವನ ಪಕ್ಕದ ಮನೆಯ ಹೊಸ ಸೊಸೆ. ಹೆಣ ಸಿಕ್ಕಾಗಲೂ ತವರಿನ ಕೌದಿ ಅವಳ ಕೈಗೆ ಸುತ್ತಿಕೊಂಡೇ ಇತ್ತಂತೆ.

ಊರು ಏನು ಮಾಡಿತು ಗೊತ್ತೇ? ಗಂಗವ್ವ ಕರೆದುಕೊಂಡಳು ಎಂದಿತು. ಅವಳ ನಸೀಬು ಅಷ್ಟೇ ಇತ್ತು ಎಂದಿತು. ಸೀರೆ, ಕುಪ್ಪಸ, ಹಸಿರು ಬಳೆ, ಕೊಬ್ಬರಿ ಬಟ್ಟಲು ತಂದು ಕಾಲುವೆಗೆ ಉಡಿ ತುಂಬಿ, ಕೈಮುಗಿದು, ಮರುದಿನ ದಂಡೆಯ ಅದೇ ಒಗೆಯುವ ಕಲ್ಲಿನ ಮೇಲೆ ಕೂತು ಅದೇ ಮುಂಗೈಗೆ ಕೌದಿ ಸುತ್ತಿಕೊಂಡಿತು. ನಸೀಬು ಎಂಬ ಈ ಮಾತಿನ ಮೇಲೆ ನನಗಿರುವಷ್ಟು ಸಿಟ್ಟು ಇನ್ನಾವುದರ ಮೇಲೂ ಇಲ್ಲ. ಒದ್ದೆ ಕೈಯಲ್ಲಿ ಮೋಟಾರು ಚಾಲೂ ಮಾಡಿ ಸತ್ತರೂ ನಸೀಬು, ಮೂಗಿಗೆ ಅರಿವೆ ಕಟ್ಟದೆ ಹತ್ತಿಗೆ ಔಷಧ ಹೊಡೆದು ಬಿದ್ದರೂ ನಸೀಬು. ಮಾಡಬೇಕಾದ್ದನ್ನು ಮಾಡದವರೆಲ್ಲ ಅದರ ಹಿಂದೆ ಹೋಗಿ ಅಡಗಿಕೊಳ್ಳುತ್ತಾರೆ.

ದೊಡ್ಡವ್ವ ನನ್ನನ್ನು ಕರೆದುಕೊಂಡು ಕಾಲುವೆಯ ದಫ್ತರಕ್ಕೆ ಹೋದಳು. ಇಳಿಯಲು ನಾಲ್ಕು ಮೆಟ್ಟಿಲಿನ ಪಾವಟಿಗೆ, ಹಿಡಿಯಲು ಒಂದು ಸರಪಳಿ, ಇಷ್ಟೇ ಅವಳು ಕೇಳಿದ್ದು.

“ಕಾಲುವಿ ಇರೋದು ಹೊಲಕ್ಕ ನೀರ್ ಬಿಡಾಕ, ಅರಿವಿ ಒಗಿಯಾಕಲ್ಲ,” ಎಂದರು ಸಾಹೇಬರು.

“ನಮ್ಮ ಬೋರಿನ ನೀರು ಸವಳ್ರೀ ಸಾಹೇಬ್ರ. ಎಲ್ಲಿ ಒಗೀಲಿ? ನಿಮ್ಮ ಮನಿಗಿ ತರ್ಲೇನು?”

ಕೆಲವು ದಿನಗಳಲ್ಲಿ ದಂಡೆಯ ಮೇಲೆ ಒಂದು ಬೋರ್ಡು ಬಂತು: ಕಾಲುವೆಗೆ ಇಳಿಯಬಾರದು. ಒಗೆಯಲು ಬರುವ ಹೆಂಗಸರಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ದೊಡ್ಡವ್ವ ನನ್ನಿಂದ ಅದನ್ನು ಓದಿಸಿಕೊಂಡಳು.

“ಬಿದ್ದಾಕಿ ಇದನ್ನ ಹಿಡ್ಕೊಂಡು ಮ್ಯಾಲ ಬರಬೇಕೇನು?” ಎಂದಳು.

ಆಮೇಲೆ ಅವಳೇ ಪುಂಡಿ ನಾರಿನ ಹೊಸ ಹಗ್ಗ ಹೊಸೆದು, ಒಗೆಯುವ ಜಾಗಕ್ಕಿಂತ ತುಸು ಕೆಳಗೆ ಈಚೆ ದಂಡೆಯ ಜಾಲಿಯಿಂದ ಆಚೆ ದಂಡೆಯ ಜಾಲಿಗೆ ನೀರಿನ ಮಟ್ಟಕ್ಕೆ ಕಟ್ಟಿಸಿದಳು. ತೇಲಲೆಂದು ನಡುನಡುವೆ ಔಷಧದ ಖಾಲಿ ಡಬ್ಬಿಗಳು. ಕೊಚ್ಚಿಕೊಂಡು ಬಂದವರು ಅದಕ್ಕೆ ಸಿಗಬೇಕು ಎಂಬುದು ಲೆಕ್ಕ. ವಾರದೊಳಗೆ ಹಗ್ಗ ಮಾಯ. ಅವಳ ಸ್ವಂತ ಮೈದುನನ ಬಂಡಿಯಲ್ಲಿ ಜೋಳದ ಕಣಿಕೆಯ ಹೊರೆಗೆ ಬಿಗಿದದ್ದು ಸಿಕ್ಕಿತು. ಮತ್ತೆ ಕಟ್ಟಿದಳು. ಅದೂ ಹೋಯಿತು, ಯಾರದೋ ಎತ್ತಿನ ಕೊರಳಿಗೆ. ಗಟ್ಟಿ ಹಗ್ಗ ನೀರಿನಲ್ಲಿ ಸುಮ್ಮನೆ ಕೊಳೆಯುವುದನ್ನು ರೈತನ ಕಣ್ಣು ಸಹಿಸುವುದಿಲ್ಲ. ಜೀವ ಉಳಿಸಲು ಕಾಯುತ್ತಿರುವ ಹಗ್ಗ ಅವರ ಕಣ್ಣಿಗೆ ಕೆಲಸವಿಲ್ಲದ ಹಗ್ಗ. ದೊಡ್ಡವ್ವ ಓಣಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಬೈದಳು. ಕಟ್ಟೆಯ ಮೇಲೆ ಕೂತವರು ನಕ್ಕರು.

“ಮುದುಕಿ ಸುಮ್ಮನ ಬಡಕೋತಾಳ ಬಿಡು,” ಎಂದರು.

ಆಗ ಅವಳಿಗೆ ಯಾರೂ ಕದಿಯದ ಹಗ್ಗ ಹೊಳೆಯಿತು. ಹೆಣವನ್ನು ಸಿದಿಗೆಗೆ ಬಿಗಿದ ಹಗ್ಗ, ಮಣ್ಣು ಮುಗಿದ ಮೇಲೆ ಸುಡುಗಾಡಿನಲ್ಲೇ ಬಿದ್ದಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ, ಮನೆಗಂತೂ ತರುವುದೇ ಇಲ್ಲ. ದೊಡ್ಡವ್ವ ಹಾಡುಹಗಲೇ ಹೋಗಿ ಅವನ್ನೆಲ್ಲ ಆರಿಸಿ ತಂದು, ಎಳೆ ಕೂಡಿಸಿ ದಪ್ಪಗೆ ಹೊಸೆದು, ಕಾಲುವೆಗೆ ಕಟ್ಟಿದಳು.

ಈಗ ಊರು ಎದ್ದು ಕೂತಿತು. ನೀಲಮ್ಮ ಸತ್ತಾಗ ಸೇರದ ಹಿರಿಯರು ಹಗ್ಗಕ್ಕಾಗಿ ಸೇರಿದರು. ಮೈಲಿಗೆಯಾಯಿತು, ಗಂಗವ್ವ ಮುನಿಯುತ್ತಾಳೆ, ಬಿಚ್ಚು ಎಂದರು. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

“ಸತ್ತವ್ರನ್ನ ಹೊತ್ತ ಹಗ್ಗ ಇದ್ದವ್ರನ್ನ ಹೊರಬಾರದಂತ ಯಾರು ಹೇಳ್ಯಾರ? ಬಿಚ್ಚಬೇಕಂದ್ರ ನೀವೇ ಹೋಗಿ ಮುಟ್ಟಿ ಬಿಚ್ರಿ. ನಾ ಬ್ಯಾಡನ್ನಂಗಿಲ್ಲ.”

ಯಾರೂ ಮುಟ್ಟಲಿಲ್ಲ. ಹೀಗೆ ಹಗ್ಗ ಉಳಿಯಿತು.

ಎಲ್ಲರಿಗಿಂತ ಹೆಚ್ಚು ಹೇಸಿದವಳು ನನ್ನ ಅವ್ವ. ಆ ವರ್ಷ ಮಾನೌಮಿಗೆ ಗಂಟು ಹೊತ್ತು ಬಂದವಳು ಹಗ್ಗ ಕಂಡದ್ದೇ ಅಕ್ಕನ ಮೇಲೆ ಹರಿಹಾಯ್ದಳು.

“ಹೆಣದ ಹಗ್ಗ ಮುಟ್ಟಿದ ನೀರಾಗ ನಾ ಹಬ್ಬದ ಹಾಸಿಗಿ ಒಗಿಯಂಗಿಲ್ಲ.”

“ಬ್ಯಾಡ. ಮ್ಯಾಲಿನ ಕಡಿ ಹೋಗಿ ಒಗಿ. ಕೈಗಿ ಮಾತ್ರ ಸುತ್ಕೋಬ್ಯಾಡ.”

ಅವ್ವ ಮೇಲುಗಡೆಗೆ ದೂರ ಹೋಗಿ ಕೂತಳು, ಹಗ್ಗಕ್ಕೆ ತಾಕಿದ ನೀರು ತನ್ನ ಕೌದಿಗೆ ತಾಕದಿರಲಿ ಎಂದು. ಮತ್ತು ಕೌದಿಯನ್ನು ಮುಂಗೈಗೆ ಸುತ್ತಿಕೊಂಡಳು, ಅವರವ್ವ ಕಲಿಸಿದ ಹಾಗೆ. ನಾನು ಕಂಟಿಯ ಹತ್ತಿರ ಚಾದರ ಹರಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಕಲ್ಲಿನ ಮೇಲೆ ಅವ್ವ ಇರಲಿಲ್ಲ.

ನನಗೆ ಈಜು ಬರುತ್ತಿರಲಿಲ್ಲ. ಆ ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಒಣ ಸೀಮೆಯವರಿಗೆ ಎಲ್ಲಿಯ ಈಜು. ದಂಡೆಯ ಮೇಲೆ ಓಡುತ್ತ ಅವ್ವಾ ಅವ್ವಾ ಎಂದು ಕೂಗಿದ್ದೊಂದೇ ನೆನಪು. ನೀರಿನಲ್ಲಿ ಅವಳ ಹಸಿರು ಕುಪ್ಪಸದ ಭುಜ ಕಾಣುತ್ತಿತ್ತು, ಇಲ್ಲವಾಗುತ್ತಿತ್ತು. ಕೆಳಗೆ ದೊಡ್ಡವ್ವ ಹಗ್ಗ ಕಟ್ಟಿದ ಜಾಲಿಯ ಬುಡದಲ್ಲಿ ನಿಂತು, ಊರನ್ನೆಲ್ಲ ಬೈದ ಅದೇ ದನಿಯಲ್ಲಿ ಕೂಗುತ್ತಿದ್ದಳು.

“ಕೌದಿ ಬಿಡು. ಶಾಂತಾ, ಕೌದಿ ಬಿಡು. ಹಗ್ಗ ಹಿಡಿ.”

ಹಗ್ಗ ಅವ್ವನ ಎದೆಗೆ ತಾಗಿತು. ಡಬ್ಬಿಗಳು ಮುಳುಗಿ ಎದ್ದವು. ಅವ್ವ ಒಂದು ಕೈಯಿಂದ ಹಗ್ಗ ತಬ್ಬಿದಳು, ಇನ್ನೊಂದು ಕೈಯ ಸುತ್ತು ಬಿಚ್ಚಿತು, ಕೌದಿ ಹಗ್ಗದ ಅಡಿಯಿಂದ ನುಸುಳಿ ಹರಿದುಹೋಯಿತು. ಎರಡೂ ದಂಡೆಯ ಹೊಲಗಳಿಂದ ಓಡಿಬಂದ ಗಂಡಸರು ಆಚೆಯ ತುದಿ ಬಿಚ್ಚಿ ಈಚೆಗೆ ಎಳೆದರು. ಹೆಣದ ಹಗ್ಗವೆಂದು ಆವತ್ತು ಯಾರೂ ಕೈ ಹಿಂದೆ ತೆಗೆಯಲಿಲ್ಲ.

ಸಂಜೆಗೆ ಮಾತ್ರ ಎಲ್ಲ ಮೊದಲಿನಂತಾಯಿತು. ಶಾಂತವ್ವನ ಪುಣ್ಯ ದೊಡ್ಡದು, ದೇವರು ದೊಡ್ಡವನು, ಆಯುಷ್ಯ ಗಟ್ಟಿಯಿತ್ತು ಎಂದರು. ಹಗ್ಗದ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಸತ್ತರೆ ನಸೀಬು, ಉಳಿದರೆ ಪುಣ್ಯ. ನಡುವೆ ಒಬ್ಬಳು ಮೈಮುರಿದು ಮಾಡಿದ ಕೆಲಸಕ್ಕೆ ಈ ನಾಡಿನಲ್ಲಿ ಜಾಗವೇ ಇಲ್ಲ. ನನ್ನ ಅವ್ವನೂ ತಲೆಯ ಮೇಲೆ ನೀರು ಸುರಿದುಕೊಂಡು, ಗೋಮೂತ್ರ ಚಿಮುಕಿಸಿಕೊಂಡು, ಹೋದ ಕೌದಿಗಾಗಿ ಅತ್ತಳು. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ನಾನು ಆವತ್ತು ಅವ್ವನ ಜೊತೆ ಊಟಕ್ಕೆ ಕೂರಲಿಲ್ಲ.

ಬೇಸಿಗೆಯಲ್ಲಿ ನೀರು ನಿಂತಾಗ ಕಾಲುವೆ ಶುಚಿ ಮಾಡಲು ಬಂದವರು ಹಗ್ಗ ಕತ್ತರಿಸಿ ಎಸೆದರು, ಹರಿವಿಗೆ ಅಡ್ಡ ಎಂದು. ದೊಡ್ಡವ್ವ ಬೈದಳು, ಮತ್ತೆ ಕಟ್ಟಿದಳು. ಕತ್ತರಿಸುವುದು, ಬೈಯುವುದು, ಕಟ್ಟುವುದು ಅವಳು ಇರುವವರೆಗೂ ನಡೆಯಿತು. ಪಾವಟಿಗೆ ಬರಲೇ ಇಲ್ಲ.

ಅವಳು ತೀರಿಕೊಂಡದ್ದು ಮನೆಯಲ್ಲೇ, ಮುಪ್ಪಿನಲ್ಲಿ. ಮಣ್ಣು ಮುಗಿಸಿ ಎಲ್ಲರೂ ಹಿಂದಿರುಗಿ ನೋಡದೆ ನಡೆದರು, ಪದ್ಧತಿಯಂತೆ. ಅವ್ವ ಮಾತ್ರ ನಿಂತಳು. ಮಡಿ ಮಡಿ ಎಂದು ನಮ್ಮ ಜೀವ ಹಿಂಡುತ್ತಿದ್ದ ಅವ್ವ ಬಗ್ಗಿ, ಅಕ್ಕನ ಸಿದಿಗೆಯ ಹಗ್ಗವನ್ನು ಬಿಚ್ಚಿ, ಮೊಣಕೈಗೆ ಸುತ್ತಿಕೊಳ್ಳತೊಡಗಿದಳು. ಯಾರೋ ಮುಟ್ಟಬೇಡ ಎಂದರು.

“ಸುಮ್ಮಿರ್ರಿ. ಆಕಿ ಕೆಲಸ ಇನ್ನಾ ಮುಗಿದಿಲ್ಲ,” ಎಂದಳು.

ಹಗ್ಗ ಹಿಡಿದು ಸೀದಾ ಕಾಲುವೆಗೆ ಹೋದಳು. ನಾನು ಹಿಂದೆ ಹೋದೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಕಾರು ಅದೇ ಕಾಲುವೆಯ ಸೇತುವೆಗೆ ಬಂದಿತ್ತು. ನಿಲ್ಲಿಸು ಎಂದು ಇಳಿದೆ. ಸಿಮೆಂಟು ಅಲ್ಲಲ್ಲಿ ಕಿತ್ತಿದೆ, ಬೋರ್ಡು ತುಕ್ಕು ಹಿಡಿದು ಬಗ್ಗಿದೆ. ಪಾವಟಿಗೆಯಿಲ್ಲ, ಸರಪಳಿಯಿಲ್ಲ. ಆದರೆ ಹಗ್ಗವಿತ್ತು, ತೋಳಿನಷ್ಟು ದಪ್ಪ. ಒಗೆಯುತ್ತಿದ್ದ ಹೆಂಗಸೊಬ್ಬಳನ್ನು ಇದು ಯಾರು ಕಟ್ಟಿದ್ದವ್ವ ಎಂದು ಕೇಳಿದೆ.

“ಯಾರಂತ ಹೇಳ್ಲಿರಿ. ನಮ್ಮೂರಾಗ ಯಾರ ಸತ್ರೂ ಸಿದಿಗಿ ಹಗ್ಗ ತಂದು ಇದಕ್ಕ ಕೂಡಿಸ್ತೀವಿ. ಪದ್ಧತಿ ಅದ.”

ಅಳಿಯನೂ ಇಳಿದು ಬಂದು ನಿಂತಿದ್ದ. ಏನಿದು ಎಂದು ಕೇಳಿದ, ಹೇಳಿದೆ. ಹೇಳುವಾಗ ನನ್ನ ದನಿ ಏರಿತ್ತು, ಅದು ದೊಡ್ಡವ್ವನ ದನಿಯೇ ಆಗಿತ್ತು. ಇದ್ದವರು ನಾಲ್ಕು ಮೆಟ್ಟಿಲು ಕಟ್ಟಲಿಲ್ಲ, ಆ ಊರನ್ನು ಇವತ್ತಿಗೂ ಸತ್ತವರು ಕಾಯಬೇಕಾಗಿದೆ ಎಂದೆ.

ಕಾರು ಹತ್ತಿದ ಮೇಲೆ ಜೇಬಿನಲ್ಲಿದ್ದ ಆ ಕೊಂಡಿಯನ್ನು ಕಿಟಕಿಯಿಂದ ಹೊಲಕ್ಕೆ ಎಸೆದೆ. ಅವನು ತನ್ನ ಕಡೆಯದನ್ನೂ ಕಿತ್ತು ನನ್ನ ಕೈಗೆ ಕೊಟ್ಟು ಗಾಡಿ ಚಾಲೂ ಮಾಡಿದ. ಕಾರು ಒಮ್ಮೆಲೇ ಬಡಕೊಳ್ಳತೊಡಗಿತು. ಇಬ್ಬರೂ ಬೆಲ್ಟಿಗೆ ಕೈಹಾಕಿದೆವು.

“ಅವಸರ ಮಾಡಬ್ಯಾಡ,” ಎಂದೆ ಅವನಿಗೆ. “ಸ್ವಲ್ಪ ಹೊತ್ತು ಬಡಕೊಳ್ಳಲಿ.”